ಶೂಟ್‌ಗೆ ಇನ್ಶೂರೆನ್ಸ್: ಬಳಸಿ ನೋಡಿದ ಪಾಲಿಸಿಗಳು, ಒಂದರ ಪಕ್ಕ ಒಂದು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ದುಡಿಯುವ ಫೋಟೋಗ್ರಾಫರ್‌ಗೆ ಸಾಮಾನು, ಲಯಬಿಲಿಟಿ (ನಮ್ಮಿಂದ ಬೇರೆಯವರಿಗೆ ಆಗುವ ನಷ್ಟದ ಹೊಣೆ) ಎರಡೂ ಸೇರಿದ ಪ್ಯಾಕೇಜ್ ಪಾಲಿಸಿ ಸರಿ. ವರ್ಷವಿಡೀ ಶೂಟ್ ನಡೆಸುವ ಏಜೆನ್ಸಿಗೆ ವಾರ್ಷಿಕ ಪ್ರೊಡಕ್ಷನ್ ಪಾಲಿಸಿ, ಅಂದರೆ ವರ್ಷದ ಶೂಟ್‌ಗಳಿಗೆಲ್ಲ ಸೇರಿಸಿ ಮಾಡಿಸುವ ಪಾಲಿಸಿ, ಸರಿ. ಒಂಟಿಯಾಗಿ ಶೂಟ್ ಮಾಡುತ್ತಿದ್ದಾಗ ಕೆಲವು, ಈಗ ಸಣ್ಣ ತಂಡ ಕಟ್ಟಿಕೊಂಡು ಏಜೆನ್ಸಿ ನಡೆಸುವಾಗ ಕೆಲವು, ಹೀಗೆ ಹೆಚ್ಚುಕಡಿಮೆ ಎಲ್ಲ ಬಗೆಯನ್ನೂ ಬಳಸಿದ್ದೇನೆ. ಪ್ರೀಮಿಯಂ ಎಷ್ಟು ಅನ್ನುವುದಕ್ಕಿಂತ, ಏನಾದರೂ ಆದ ದಿನ ಯಾವುದು ಕೈಹಿಡಿಯಿತು ಅನ್ನುವುದೇ ನನ್ನ ಲೆಕ್ಕ.

ಮನೆಯ ಪಾಲಿಸಿಗೆ ಕ್ಯಾಮೆರಾ ಸೇರಿಸುವುದು ಎಲ್ಲಕ್ಕಿಂತ ಅಗ್ಗ. ನಾನು ಇದೇ ಕೆಲಸದಲ್ಲಿದ್ದೇನೆ, ದುಡ್ಡು ತಗೊಂಡು ಶೂಟ್ ಮಾಡುತ್ತೇನೆ ಎಂದು ಬರೆದು ಕೇಳಿದೆ. ಹಾಗಾದರೆ ಈ ಕವರ್ ನಿಮಗಲ್ಲ ಎಂದು ಉತ್ತರ ಬಂತು. ಹವ್ಯಾಸಕ್ಕೆ ಇದು ಸಾಕು. ವೃತ್ತಿಗೆ ಬೇಡ.

ಬರೀ ಸಾಮಾನಿಗೆ ಮಾಡಿಸುವ ಪಾಲಿಸಿ ಇನ್ನೊಂದು ಬಗೆ. ಕಳವು, ಬೆಂಕಿ, ಕೈತಪ್ಪಿ ಬಿದ್ದು ಒಡೆಯುವುದು, ಇವೆಲ್ಲ ಬರುತ್ತವೆ. ಲೆನ್ಸ್‌ನಲ್ಲಿ ಫಂಗಸ್ ಹಿಡಿದರೆ, ಬಳಸಿ ಬಳಸಿ ಷಟರ್ ಸವೆದರೆ ಸಾಮಾನ್ಯವಾಗಿ ಬರುವುದಿಲ್ಲ. ಇಂಥ ಎರಡು ಪಾಲಿಸಿ ಬೇರೆ ಬೇರೆ ಕಾಲದಲ್ಲಿ ಇಟ್ಟುಕೊಂಡಿದ್ದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತಿದ್ದವು, ಒಳಗಿನ ಷರತ್ತು ಪೂರ್ತಿ ಬೇರೆ. ಒಂದರಲ್ಲಿ ಸವಕಳಿ ಕಳೆದು ಇವತ್ತಿನ ಬೆಲೆ ಕೊಡುತ್ತಿದ್ದರು. ಇನ್ನೊಂದರಲ್ಲಿ ಹಳೆಯದು ಹೋದರೆ ಅಂಥದ್ದೇ ಹೊಸದು. ಕ್ಯಾಮೆರಾ ಬಾಡಿಗಳ ಬೆಲೆ ಎಷ್ಟು ಬೇಗ ಇಳಿಯುತ್ತದೆ ಎಂದು ಗೊತ್ತಲ್ವಾ, ಹಾಗಾಗಿ ಸ್ವಲ್ಪ ಜಾಸ್ತಿ ಕಟ್ಟಿದರೂ ಎರಡನೆಯದೇ ಲಾಭ.

ಗಾಡಿಯ ವಿಷಯದಲ್ಲೂ ಅಷ್ಟೇ. ಅಗ್ಗದ ಪಾಲಿಸಿಯಲ್ಲಿ, ಗಾಡಿಯಲ್ಲಿ ಯಾರೂ ಇಲ್ಲದಾಗ ಸಾಮಾನು ಕಳವಾದರೆ ಏನೂ ಇಲ್ಲ. ಇನ್ನೊಂದರಲ್ಲಿ ಕವರ್ ಇತ್ತು, ಆದರೆ ಸಾಮಾನು ಹೊರಗೆ ಕಾಣದಂತೆ ಡಿಕ್ಕಿಯಲ್ಲಿರಬೇಕು, ಬೀಗ ಹಾಕಿರಬೇಕು, ಒಡೆದು ತೆಗೆದ ಗುರುತು ಇರಬೇಕು, ರಾತ್ರಿಯಿಡೀ ಬಿಟ್ಟಿರಬಾರದು. ಒಂದು ಲೊಕೇಶನ್‌ನಿಂದ ಇನ್ನೊಂದಕ್ಕೆ ಓಡಾಡುವವರು ದಯವಿಟ್ಟು ಈ ಒಂದು ಸಾಲನ್ನು ಹುಡುಕಿ ಓದಿ.

ಪೂರ್ತಿ ಬೆಲೆಗೆ ಮಾಡಿಸದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಏಜೆಂಟರು ತಾವಾಗಿ ಹೇಳುವುದು ಕಡಿಮೆ. ನಿಮ್ಮ ಸಾಮಾನೆಲ್ಲ ಸೇರಿ 100 ಬೆಲೆಯದು, ನೀವು 60ಕ್ಕೆ ಮಾತ್ರ ಮಾಡಿಸಿದ್ದೀರಿ ಅಂದುಕೊಳ್ಳಿ. 20 ಬೆಲೆಯ ಲೆನ್ಸ್ ಒಡೆದರೆ, 60ರ ಒಳಗೇ ಇದೆಯಲ್ಲ, ಪೂರ್ತಿ ಸಿಗುತ್ತದೆ ಅನ್ನಿಸುತ್ತದೆ. ಸರಾಸರಿ ಷರತ್ತು (ಬೆಲೆಯ ಎಷ್ಟು ಪಾಲಿಗೆ ಮಾಡಿಸಿದ್ದೀರೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವುದು) ಇರುವ ಪಾಲಿಸಿಯಲ್ಲಿ ಸಿಗುವುದು 12 ಮಾತ್ರ, ಅದರಲ್ಲೂ ಕ್ಲೇಮ್‌ನಲ್ಲಿ ನೀವೇ ಭರಿಸಬೇಕಾದ ನಿಮ್ಮ ಪಾಲಿನ ಮೊತ್ತ ಕಳೆಯುತ್ತಾರೆ. ಹೊಸ ಲೈಟು, ಹೊಸ ಲೆನ್ಸ್ ಕೊಂಡ ದಿನವೇ ಅದರ ಸೀರಿಯಲ್ ನಂಬರ್, ಬಿಲ್ಲು ಎರಡನ್ನೂ ಪಟ್ಟಿಗೆ ಸೇರಿಸಿಬಿಡಬೇಕು.

ಪ್ಯಾಕೇಜ್ ಪಾಲಿಸಿಯ ಬೆಲೆ ತಿಳಿಯುವುದು ಬೇರೆಯವರ ವಸ್ತು ಹಾಳಾದಾಗ. ಒಂದು ಹೋಟೆಲ್ ಲೊಕೇಶನ್‌ನಲ್ಲಿ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕು ಮೃದುವಾಗಲು ಲೈಟಿಗೆ ಕಟ್ಟುವ ಬಟ್ಟೆಯ ಪೆಟ್ಟಿಗೆ) ಹಾಕಿದ್ದೆವು, ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲವೂ ಇತ್ತು. ಬಾಲ್ಕನಿ ಬಾಗಿಲು ಯಾರೋ ತೆರೆದರು, ಗಾಳಿ ನುಗ್ಗಿತು, ಬಟ್ಟೆ ಹಾಯಿಯಂತೆ ಉಬ್ಬಿ ಲೈಟು ಸ್ಟ್ಯಾಂಡ್ ಸಮೇತ ಗಾಜಿನ ಮೇಜಿನ ಮೇಲೆ ಬಿತ್ತು. ನಮ್ಮ ಲೈಟಿನ ನಷ್ಟ ಸಣ್ಣದು. ಆ ಮೇಜಿನದು ದೊಡ್ಡದು. ಬರೀ ಸಾಮಾನಿನ ಪಾಲಿಸಿ ಇದ್ದಿದ್ದರೆ ಮೇಜಿನ ದುಡ್ಡು ನಮ್ಮ ಜೇಬಿನಿಂದಲೇ ಹೋಗುತ್ತಿತ್ತು. ಪ್ಯಾಕೇಜಿನ ಪಬ್ಲಿಕ್ ಲಯಬಿಲಿಟಿ ಅದನ್ನು ನೋಡಿಕೊಂಡಿತು. ಆ ಮೇಜಿನ ಜಾಗದಲ್ಲಿ ಒಬ್ಬ ಮನುಷ್ಯ ಕೂತಿದ್ದರೆ ಏನು ಗತಿ ಎಂದು ಯೋಚಿಸಿದಾಗಲೇ ನನಗೆ ಈ ಕವರ್ ಮೇಲೆ ನಂಬಿಕೆ ಗಟ್ಟಿಯಾಗಿದ್ದು.

ಪ್ರಾಡಕ್ಟ್ ಶೂಟ್ ಮಾಡುವವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಮೇಜು ಹೋಟೆಲಿನದು, ಅವರ ಜಾಗದಲ್ಲೇ ಇತ್ತು, ಹಾಗಾಗಿ ಕ್ಲೇಮ್ ನಡೆಯಿತು. ಕ್ಲೈಂಟ್ ಶೂಟ್‌ಗೆಂದು ನಮ್ಮ ಕೈಗೆ ಕೊಟ್ಟ ವಾಚು, ಒಡವೆ ಅಥವಾ ಮಾರುಕಟ್ಟೆಗೆ ಬರುವ ಮುಂಚಿನ ಮಾದರಿ ಹಾಳಾದರೆ ಕಥೆಯೇ ಬೇರೆ. ಅದು ನಮ್ಮ ವಶದಲ್ಲಿರುವ ವಸ್ತು. ನಮ್ಮ ವಶದಲ್ಲಿರುವುದನ್ನು ಲಯಬಿಲಿಟಿ ಕವರ್ ಸಾಮಾನ್ಯವಾಗಿ ಹೊರಗಿಡುತ್ತದೆ. ಅದಕ್ಕೆ ಬೇರೆ ಸೇರ್ಪಡೆ ಕೇಳಿ ಹಾಕಿಸಿಕೊಳ್ಳಬೇಕು. ನಾನು ನೋಡಿದ ಎರಡು ಪ್ಯಾಕೇಜ್‌ಗಳಲ್ಲಿ ಒಂದರಲ್ಲಿ ಇದನ್ನು ಸೇರಿಸಲು ಅವಕಾಶವೇ ಇರಲಿಲ್ಲ. ಬೇರೆಲ್ಲ ಚೆನ್ನಾಗಿದ್ದರೂ ಅದನ್ನು ಬಿಟ್ಟೆ.

ಪ್ಯಾಕೇಜಿನ ಇನ್ನೊಂದು ಭಾಗ ಪ್ರೊಫೆಷನಲ್ ಇಂಡೆಮ್ನಿಟಿ, ಅಂದರೆ ನಮ್ಮ ಕೆಲಸದಲ್ಲಿ ಆದ ತಪ್ಪಿಗೆ ಕ್ಲೈಂಟ್ ಕೇಳುವ ಪರಿಹಾರದ ಕವರ್. ಕಾರ್ಡ್ ಕೆಟ್ಟು ಫೋಟೋಗಳು ಹೋದರೆ ಸಾಮಾನಿನ ಪಾಲಿಸಿ ಹೆಚ್ಚೆಂದರೆ ಕಾರ್ಡಿನ ಬೆಲೆ ಕೊಡುತ್ತದೆ. ಅದರಿಂದ ಕ್ಲೈಂಟ್‌ಗೆ ಆದ ನಷ್ಟಕ್ಕೆ, ಮತ್ತೆ ಶೂಟ್ ಮಾಡುವ ಖರ್ಚಿಗೆ ಬೇಕಾಗುವುದು ಈ ಭಾಗ, ಆದರೆ ಮರುಶೂಟ್ ಸೇರಿದೆಯಾ ಎಂದು ಓದಿಯೇ ನಂಬಬೇಕು. ಈ ಬಗೆಯ ಕವರ್‌ಗಳಲ್ಲಿ ಹೆಚ್ಚಿನವು ಶೂಟ್ ನಡೆದ ದಿನದ ಲೆಕ್ಕದಲ್ಲಿಲ್ಲ, ಕ್ಲೈಂಟ್ ದೂರು ತಂದ ದಿನದ ಲೆಕ್ಕದಲ್ಲಿವೆ. ದೂರು ಬರುವ ಹೊತ್ತಿಗೆ ಪಾಲಿಸಿ ನಿಲ್ಲಿಸಿದ್ದರೆ, ಹಳೆಯ ಕೆಲಸಕ್ಕೂ ರಕ್ಷಣೆ ಇಲ್ಲ. ಕಂಪನಿ ಬದಲಿಸುವಾಗ, ಯಾವತ್ತಿನಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಇದೆಯೋ ಆ ಹಳೆಯ ಆರಂಭದ ದಿನಾಂಕವನ್ನೇ ಮುಂದುವರಿಸುತ್ತೀರಾ ಎಂದು ಕೇಳಿ, ಬರಹದಲ್ಲಿ ತಗೊಳ್ಳಿ.

ಏಜೆನ್ಸಿ ಶುರುವಾದ ಮೇಲೆ ಬಾಡಿಗೆ ಸಾಮಾನೇ ಜಾಸ್ತಿಯಾಯಿತು. ಬಾಡಿಗೆ ಕೊಡುವವರು ತಾವೇ ಒಂದು ಶುಲ್ಕ ಹಾಕಿ, ಪೆಟ್ಟಾದರೆ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ನಾವು ಬಳಸಿದ ಅಂಥ ಒಂದರಲ್ಲಿ ಕಳವು ಸೇರಿರಲಿಲ್ಲ. ಅದು ಇನ್ಶೂರೆನ್ಸ್ ಅಲ್ಲ, ಆ ಸಾಮಾನಿನ ಮಟ್ಟಿಗೆ ಅವರು ಕೊಡುವ ವಿನಾಯಿತಿ ಅಷ್ಟೇ. ಒಡೆದ ಕ್ಯಾಮೆರಾ ರಿಪೇರಿಯಲ್ಲಿರುವ ದಿನಗಳ ಬಾಡಿಗೆಯನ್ನೂ ನಮ್ಮಿಂದ ಕೇಳಬಹುದು. ಪ್ರೊಡಕ್ಷನ್ ಪಾಲಿಸಿಯಲ್ಲಿ ಆ ಬಾಡಿಗೆಗೂ ಕವರ್ ಹಾಕಿಸಬಹುದು. ನಾವು ಹಾಕಿಸಿದ್ದೇವೆ.

ಒಂದೊಂದು ಶೂಟ್‌ಗೆ ಬೇರೆ ಪಾಲಿಸಿ ತೆಗೆಯುವುದೋ, ವರ್ಷಕ್ಕೆ ಒಂದೋ? ಅಪರೂಪಕ್ಕೆ ಶೂಟ್ ಇದ್ದರೆ ಮೊದಲನೆಯದು ಸಾಕು. ಅದರ ಕಷ್ಟ ದಿನಾಂಕದಲ್ಲಿದೆ. ಸಾಮಾನು ತರುವ ದಿನ, ಸೆಟ್ ಹಾಕುವ ದಿನ, ಮಳೆ ಬಂದರೆ ಎಂದು ಇಟ್ಟುಕೊಂಡ ದಿನ, ವಾಪಸ್ ಕೊಡುವ ದಿನ, ಎಲ್ಲ ಬರೆಸಬೇಕು. ಶೂಟ್ ಒಂದು ದಿನ ಮುಂದೆ ಹೋದರೆ ಮತ್ತೆ ಫೋನು, ಮತ್ತೆ ಕಾಗದ. ಲೊಕೇಶನ್ ಮಾಲೀಕರು ಇನ್ಶೂರೆನ್ಸ್ ಇದೆ ಎಂದು ತೋರಿಸುವ ಸರ್ಟಿಫಿಕೇಟ್‌ನಲ್ಲಿ ತಮ್ಮ ಹೆಸರು ಬೇಕು ಎಂದು ಕೇಳಿದಾಗ ವಾರ್ಷಿಕ ಪಾಲಿಸಿಯಿಂದ ನಮಗೆ ಅದು ಬೇಗ ಸಿಕ್ಕಿತು. ಕ್ಯಾಲೆಂಡರ್ ತುಂಬಿರುವ ಏಜೆನ್ಸಿಗೆ ವಾರ್ಷಿಕವೇ ನೆಮ್ಮದಿ.

ಆದರೂ ವಾರ್ಷಿಕದಲ್ಲಿ ಎಲ್ಲ ಬಂತು ಅಂದುಕೊಳ್ಳಬೇಡಿ. ಕೆಲಸಕ್ಕೆ ಬಂದವರಿಗೆ ಪೆಟ್ಟಾದರೆ ಅದಕ್ಕೆ ಬೇರೆ ಕವರ್ ಬೇಕು. ಫ್ರೀಲಾನ್ಸರ್ ತರುವ ಅವರ ಸ್ವಂತ ಕ್ಯಾಮೆರಾ ನಮ್ಮ ಪಟ್ಟಿಯಲ್ಲಿಲ್ಲ, ಅದನ್ನು ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇವೆ. ಡ್ರೋನ್ ಹಾರಾಟವನ್ನು ಮಾಮೂಲಿ ಲಯಬಿಲಿಟಿ ಕವರ್ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ, ಹಾರಿಸುವವರ ಹತ್ತಿರ ಅದಕ್ಕೆಂದೇ ಮಾಡಿಸಿದ ಪಾಲಿಸಿ ಇರಬೇಕು. ಆ ಕಾಗದವನ್ನು ಶೂಟ್‌ಗೆ ಮುಂಚೆಯೇ ತರಿಸಿ ದಿನಾಂಕ ನೋಡುತ್ತೇವೆ. ಕಾಗದ ಬರದಿದ್ದರೆ ಆ ದಿನದ ಶಾಟ್ ಪಟ್ಟಿಯಿಂದ ಡ್ರೋನ್ ತೆಗೆದುಹಾಕುತ್ತೇವೆ.