ಸ್ಕಿಯಾವಾ, ಲಾಗ್ರೈನ್: ಬೊಲ್ಜಾನೊ ಊಟಕ್ಕೆ ಯಾವುದು ಸರಿ?

ಮ್ಯೂನಿಕ್ ಕಡೆ ಇರುವ ಕನ್ನಡದವರಿಗೆ ಇಟಲಿಯ ಬೊಲ್ಜಾನೊ ದೂರವೇನಲ್ಲ. ನೇರ ರೈಲಿದೆ, ಬ್ರೆನ್ನರ್ ಕಣಿವೆ ದಾಟಿ ಸುಮಾರು 4 ಗಂಟೆಯಲ್ಲಿ ಇಳಿಸುತ್ತದೆ. ಅಲ್ಲಿ ಕೆಂಪು ವೈನ್ ಅಂದರೆ ಮೊದಲು ಎರಡು ಹೆಸರು ಬರುತ್ತವೆ: ಸ್ಕಿಯಾವಾ, ಲಾಗ್ರೈನ್. ಎರಡೂ ಆ ಆಲ್ಪ್ಸ್ ಕಣಿವೆಯಲ್ಲೇ ಹಿಂದಿನಿಂದ ಬೆಳೆದು ಬಂದ ದ್ರಾಕ್ಷಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಲ್ಲಿನ ಊಟದ ಜೊತೆ ಕುಡಿದು ನೋಡಿದೆ. ನನ್ನ ಓಟು ಸ್ಕಿಯಾವಾಕ್ಕೆ, ಒಂದು ಅಡುಗೆ ಬಿಟ್ಟು.

ಸ್ಕಿಯಾವಾ ಬಣ್ಣ ಎಷ್ಟು ತೆಳು ಅಂದರೆ ಗ್ಲಾಸಿನ ಹಿಂದೆ ಮೆನು ಹಿಡಿದರೆ ಅಕ್ಷರ ಓದಬಹುದು. ಇದಕ್ಕೇ ಜನ ಇದನ್ನು ಹಗುರವಾಗಿ ನೋಡೋದು, ನನಗೆ ಅದು ನಿಜಕ್ಕೂ ಬೇಜಾರು. ಮೂಗಿಗೆ ಸ್ಟ್ರಾಬೆರಿ, ಚೆರ್ರಿ. ಬಾಯಲ್ಲಿ ಒಗರು ಬಹಳ ಕಡಿಮೆ, ಕೊನೆಯಲ್ಲಿ ಮಾತ್ರ ಕಹಿ ಬಾದಾಮಿಯ ಎಳೆ. ಲಾಗ್ರೈನ್ ಇದಕ್ಕೆ ಪೂರ್ತಿ ಉಲ್ಟಾ. ಬೊಲ್ಜಾನೊದ ಗ್ರೀಸ್ ಬಡಾವಣೆಯ ತೋಟಗಳು ಇದಕ್ಕೆ ಹೆಸರುವಾಸಿ. ನೇರಳೆಗಪ್ಪು ಬಣ್ಣ, ಬ್ಲ್ಯಾಕ್‌ಬೆರಿ, ಕೋಕೋ ವಾಸನೆ, ನುಂಗಿದ ಮೇಲೂ ನಾಲಿಗೆ ಮೇಲೆ ಉಳಿಯುವ ಒಗರು.

ಊಟಕ್ಕೆ ಕೂತಾಗ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಸ್ಪೆಕ್, ಅಂದರೆ ಉಪ್ಪು ಸವರಿ, ಹದವಾಗಿ ಹೊಗೆ ಹಿಡಿಸಿ, ತಿಂಗಳುಗಟ್ಟಲೆ ಒಣಗಿಸಿದ ಹಂದಿ ಮಾಂಸ. ತೆಳ್ಳಗೆ ಕತ್ತರಿಸಿದ ಅದರ ಚೂರನ್ನು ಕಟುಂ ಅನ್ನುವ ರೈ ರೊಟ್ಟಿ ಮೇಲಿಟ್ಟು ತಿಂದು ಲಾಗ್ರೈನ್ ಕುಡಿದೆ. ಹೊಗೆಯ ಕಹಿ, ವೈನಿನ ಕಹಿ ಎರಡೂ ಸೇರಿ ಮಾಂಸದ ರುಚಿಯೇ ಮುಚ್ಚಿಹೋಯಿತು. ಅದೇ ಚೂರಿಗೆ ತಣ್ಣಗಿದ್ದ ಸ್ಕಿಯಾವಾ ಕುಡಿದಾಗ ಉಪ್ಪು ಇಳಿಯಿತು, ಕೊಬ್ಬಿನ ಸಿಹಿ ಮೇಲೆ ಬಂತು, ಇನ್ನೊಂದು ಚೂರಿಗೆ ಕೈ ತಾನಾಗಿ ಹೋಯಿತು.

ಮಾಂಸ ತಿನ್ನದವರಿಗೆ ಶ್ಲುಟ್ಸ್‌ಕ್ರಾಫೆನ್ ಇದೆ. ನಮ್ಮ ಕರ್ಜಿಕಾಯಿ ಆಕಾರದ್ದು, ಒಳಗೆ ಪಾಲಕ್ ಮತ್ತು ರಿಕೋಟಾ ಚೀಸಿನ ಹೂರಣ, ಬೇಯಿಸಿ ಮೇಲೆ ಕರಗಿಸಿದ ಬೆಣ್ಣೆ ಸುರಿದು ಕೊಡುತ್ತಾರೆ. ಇಲ್ಲೂ ಸ್ಕಿಯಾವಾನೇ. ಲಾಗ್ರೈನ್ ಮುಂದೆ ಪಾಲಕ್ ಸಪ್ಪೆ ಅನ್ನಿಸುತ್ತದೆ. ಹಳೆ ಬ್ರೆಡ್ಡಿನಿಂದ ಮಾಡುವ ಕನೆದೆರ್ಲಿ ಉಂಡೆಗೂ ಇದೇ ಮಾತು.

ಆದರೆ ಗೂಲಾಷ್ ಬಂದಾಗ ಆಟ ಬದಲಾಯಿತು. ದನದ ಮಾಂಸವನ್ನು ಈರುಳ್ಳಿ, ಪ್ಯಾಪ್ರಿಕಾ ಹಾಕಿ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಗೊಜ್ಜು ಅದು. ಅದರ ಮುಂದೆ ಸ್ಕಿಯಾವಾ ನೀರಾಗಿಬಿಟ್ಟಿತು, ಲಾಗ್ರೈನ್‌ನ ಒಗರು ಆ ಜಿಡ್ಡನ್ನು ಚೆನ್ನಾಗಿ ಕತ್ತರಿಸಿತು. ಜಿಂಕೆ ಮಾಂಸದ ಸಾರಿಗೂ ನಾನು ಲಾಗ್ರೈನ್ ಅನ್ನೇ ಹೇಳುತ್ತೇನೆ.

ದಕ್ಷಿಣಕ್ಕೆ ಟ್ರೆಂಟಿನೋದಲ್ಲಿ ಟೆರೋಲ್ಡೆಗೊ ಅನ್ನುವ ಇನ್ನೊಂದು ಕೆಂಪು ವೈನ್ ಸಿಗುತ್ತದೆ. ಮೆಜ್ಜೊಲೊಂಬಾರ್ಡೊ, ಮೆಜ್ಜೊಕೊರೊನಾ ಊರುಗಳ ನಡುವಿನ ಬಯಲಿನ ಬೆಳೆ, ಲಾಗ್ರೈನ್‌ಗೆ ನೆಂಟ ಅಂತ ಡಿಎನ್‌ಎ ಪರೀಕ್ಷೆಯಲ್ಲಿ ತಿಳಿದುಬಂದಿದೆ. ಬಣ್ಣ ಗಾಢ, ಆದರೆ ಹಣ್ಣಿನ ರುಚಿ ಜಾಸ್ತಿ, ಹುಳಿಯೂ ಚುರುಕು. ಅಣಬೆ ಹಾಕಿದ ಪೊಲೆಂಟಾಕ್ಕೆ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ, ನನಗೆ ತುಂಬಾ ಹಿಡಿಸಿತು.

ಮೇಜಿನಲ್ಲಿ ಒಬ್ಬರಿಗೆ ಸ್ಪೆಕ್, ಇನ್ನೊಬ್ಬರಿಗೆ ಗೂಲಾಷ್, ಬಾಟಲಿ ಮಾತ್ರ ಒಂದೇ ಅಂತಾದರೆ ಸಾಂತಾ ಮದ್ದಲೇನಾ ಕೇಳಿ. ಬೊಲ್ಜಾನೊ ಪಕ್ಕದ ಗುಡ್ಡದ ವೈನ್ ಅದು. ಮುಖ್ಯವಾಗಿ ಸ್ಕಿಯಾವಾ, ಸಾಮಾನ್ಯವಾಗಿ ಸ್ವಲ್ಪ ಲಾಗ್ರೈನ್ ಬೆರೆಸಿರುತ್ತಾರೆ. ಸ್ಕಿಯಾವಾವನ್ನು 12ರಿಂದ 14 ಡಿಗ್ರಿಯಲ್ಲಿ ಕುಡಿಯಿರಿ, ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಸಾಕು. ಬೆಚ್ಚಗಾದರೆ ಅದರ ಚೆರ್ರಿ ವಾಸನೆ ಮಂಕಾಗುತ್ತದೆ. ಲಾಗ್ರೈನ್‌ಗೆ 16ರಿಂದ 18 ಇರಲಿ, ತಣ್ಣಗಿದ್ದರೆ ಒಗರು ಒರಟಾಗುತ್ತದೆ.