ಜಿಬಿಗೆ ಏಳು ರೂಪಾಯಿ, ಸಿಮ್ ಉಳಿಸಿಕೊಳ್ಳಲು ಇನ್ನೂರು: ಮೊಬೈಲ್ ಡೇಟಾ ದರಗಳ ಒಂದು ಹೋಲಿಕೆ

ಶಿರಸಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಆಯಿಯ ಫೋನು ಜಗಲಿಯ ಕಿಟಕಿಯ ಎರಡನೇ ಸರಳಿಗೆ ಒರಗಿಕೊಂಡಿರುತ್ತದೆ. ಅಲ್ಲಿಂದ ಒಂದು ಗೇಣು ಒಳಗೆ ಸರಿಸಿದರೂ ಸಿಗ್ನಲ್ ಹೋಗುತ್ತದೆ. ದಿನಕ್ಕೆ 1.5 ಜಿಬಿ ಡೇಟಾ ಕೊಡುವ ಪ್ಲಾನಿಗೆ ಆಕೆ ಮುನ್ನೂರರ ಆಸುಪಾಸು ಹಣ ಕೊಡುತ್ತಾಳೆ. ಕಳೆದ ಬಾರಿ ಊರಿಗೆ ಹೋದಾಗ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದೆ. ಇಪ್ಪತ್ತೆಂಟು ದಿನಗಳಲ್ಲಿ ಆಕೆ ಬಳಸಿದ್ದು 2.8 ಜಿಬಿ ಮಾತ್ರ. ಕೊಟ್ಟದ್ದು 42 ಜಿಬಿಯ ಬೆಲೆ. ಬಳಸಿದ್ದಕ್ಕೆ ಲೆಕ್ಕ ಹಾಕಿದರೆ ಒಂದು ಜಿಬಿಗೆ ನೂರು ರೂಪಾಯಿ ದಾಟುತ್ತದೆ.

ಈ ಲೆಕ್ಕ ನನ್ನ ತಲೆಯಿಂದ ಹೋಗದಿರಲು ಕಾರಣವಿದೆ. ಕಂಪನಿಯ ಕೆಲಸದ ಮೇಲೆ ನಾನು 2024ರಲ್ಲಿ ಎಂಟು ತಿಂಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಅಲ್ಲಿ ಡೇಟಾ ದುಬಾರಿ, ನಮ್ಮಲ್ಲಿ ಅಗ್ಗ ಎಂದು ಕಂಡವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಮಾತಿಗೆ ಆಧಾರವೂ ಇದೆ. ಬ್ರಿಟನ್ನಿನ ಕೇಬಲ್.ಕೊ.ಯುಕೆ ಸಂಸ್ಥೆ ದೇಶದೇಶಗಳ ದರಗಳನ್ನು ಒಟ್ಟುಗೂಡಿಸಿ ಪ್ರಕಟಿಸುತ್ತಿದ್ದ ಪಟ್ಟಿಯಲ್ಲಿ 2019ರಲ್ಲಿ ಭಾರತವೇ ಮೊದಲು. ಒಂದು ಜಿಬಿಯ ಸರಾಸರಿ ಬೆಲೆ 0.26 ಡಾಲರ್. 2022ರಲ್ಲಿ ನಮ್ಮ ದರ 0.17 ಡಾಲರಿಗೆ ಇಳಿದಿತ್ತು. ಆದರೂ ಸ್ಥಾನ ಐದನೆಯದಾಯಿತು, ಏಕೆಂದರೆ ಇಸ್ರೇಲ್ 0.04ಕ್ಕೂ ಇಟಲಿ 0.12ಕ್ಕೂ ಇಳಿದು ಮುಂದೆ ಹೋಗಿದ್ದವು. ಅದೇ ಪಟ್ಟಿಯ ಕೊನೆಯಲ್ಲಿದ್ದ ಸೇಂಟ್ ಹೆಲೆನಾ ದ್ವೀಪದಲ್ಲಿ ಒಂದು ಜಿಬಿಗೆ 41 ಡಾಲರ್. ಇಂಥ ಪಟ್ಟಿಗಳು ಸುಳ್ಳು ಹೇಳುವುದಿಲ್ಲ. ಆದರೆ ಅವು ಸಗಟು ಕೊಳ್ಳುವವನ ಬೆಲೆಯನ್ನು ಹೇಳುತ್ತವೆ, ಪಾವು ಕೊಳ್ಳುವವನ ಬೆಲೆಯನ್ನಲ್ಲ.

ನಮ್ಮ ದೇಶದ ಪ್ಲಾನುಗಳನ್ನೇ ಮೊದಲು ನೋಡೋಣ. ಇಲ್ಲಿ ಕೊಟ್ಟಿರುವುದು 2024ರ ಜುಲೈ 3ರ ಏರಿಕೆಯೊಂದಿಗೆ ಜಾರಿಗೆ ಬಂದ ದರಗಳು. ಜಿಯೋದಲ್ಲಿ ದಿನಕ್ಕೆ 1.5 ಜಿಬಿಯ 28 ದಿನದ ಪ್ಲಾನು 239 ರೂಪಾಯಿಯಿಂದ 299ಕ್ಕೆ ಏರಿತು. ಪೂರ್ತಿ 42 ಜಿಬಿ ಬಳಸುವವನಿಗೆ ಒಂದು ಜಿಬಿಗೆ ಏಳು ರೂಪಾಯಿ ಚಿಲ್ಲರೆ ಬೀಳುತ್ತದೆ. ದಿನಕ್ಕೆ 2.5 ಜಿಬಿಯ ವಾರ್ಷಿಕ ಪ್ಲಾನಿಗೆ 3599 ರೂಪಾಯಿ. ಅಷ್ಟನ್ನು ಒಮ್ಮೆಗೇ ಕೊಡಬಲ್ಲವನಿಗೆ ಒಂದು ಜಿಬಿ ನಾಲ್ಕು ರೂಪಾಯಿಗೆ ಸಿಕ್ಕಿತು. ಇನ್ನೊಂದು ತುದಿಯಲ್ಲಿ ಏರ್‌ಟೆಲ್‌ನ 199 ರೂಪಾಯಿಯ ಪ್ಲಾನಿದೆ. 28 ದಿನ ಮಿತಿಯಿಲ್ಲದ ಕರೆ, ಡೇಟಾ ಒಟ್ಟು 2 ಜಿಬಿ. ಕರೆಯ ಸೌಲಭ್ಯವನ್ನು ಬದಿಗಿಟ್ಟು ನೋಡಿದರೆ ಇಲ್ಲಿ ಜಿಬಿಗೆ ನೂರು ರೂಪಾಯಿ. ಒಂದೇ ದೇಶದಲ್ಲಿ ಒಂದು ಜಿಬಿಯ ಬೆಲೆ ನಾಲ್ಕರಿಂದ ನೂರರವರೆಗೆ ಹರಡಿಕೊಂಡಿರುವಾಗ ಸರಾಸರಿ ಎಂಬುದು ಯಾರ ಜೇಬಿನ ಕಥೆಯನ್ನೂ ಹೇಳುವುದಿಲ್ಲ.

ಇದರ ಪಕ್ಕದಲ್ಲಿ ಫ್ರಾನ್ಸ್ ದೇಶದ ಒಂದು ಪ್ಲಾನನ್ನು ಇಟ್ಟು ನೋಡಬೇಕು. ಈ ಹೋಲಿಕೆಯಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಅದೇ. 2012ರ ಜನವರಿ 10ರಂದು ಫ್ರೀ ಮೊಬೈಲ್ ಎಂಬ ಕಂಪನಿ ಅಲ್ಲಿನ ಮಾರುಕಟ್ಟೆಗೆ ಬಂದಾಗ ಎರಡೇ ಪ್ಲಾನುಗಳನ್ನು ಮುಂದಿಟ್ಟಿತು: ಹೆಚ್ಚು ಬಳಸುವವರಿಗೆ 19.99 ಯೂರೊ, ಬರೀ ಮಾತಿಗೆ ಫೋನು ಬೇಕೆನ್ನುವವರಿಗೆ ತಿಂಗಳಿಗೆ 2 ಯೂರೊ. ಆ ಎರಡು ಯೂರೊ ಪ್ಲಾನು ಹತ್ತು ವರ್ಷ ದಾಟಿದರೂ ಎರಡು ಯೂರೊ ಆಗಿಯೇ ಉಳಿಯಿತು. ಒಳಗಿನ ಸೌಲಭ್ಯ ಮಾತ್ರ ಹೆಚ್ಚುತ್ತಾ ಹೋಗಿ, ಎರಡು ಗಂಟೆ ಕರೆ, ಮಿತಿಯಿಲ್ಲದ ಸಂದೇಶಗಳು ಸೇರಿಕೊಂಡವು. 2024ರಲ್ಲಿದ್ದಂತೆ ಯೂರೊಗೆ ಸುಮಾರು ತೊಂಬತ್ತು ರೂಪಾಯಿ ಹಿಡಿದರೆ ಅದು 180 ರೂಪಾಯಿ. ಅದರಲ್ಲಿರುವ ಡೇಟಾ ಹೆಸರಿಗಷ್ಟೇ, ಕರೆಗೂ ಮಿತಿ ಇದೆ, ಹಾಗಾಗಿ ಸೌಲಭ್ಯದಲ್ಲಿ ನಮ್ಮ 199ರ ಪ್ಲಾನೇ ಮೇಲು. ಆದರೆ ಒಂದು ಸಿಮ್ಮನ್ನು ಜೀವಂತ ಇಟ್ಟುಕೊಳ್ಳಲು ಕೈಯಿಂದ ಬೀಳುವ ಕನಿಷ್ಠ ಹಣ ಎಂಬ ಲೆಕ್ಕದಲ್ಲಿ ಪ್ಯಾರಿಸ್ಸಿನವನೂ ಪಾವಗಡದವನೂ ಹೆಚ್ಚುಕಡಿಮೆ ಒಂದೇ ಮೊತ್ತ ತೆರುತ್ತಿದ್ದಾರೆ.

ಮೊತ್ತ ಒಂದೇ ಆದರೂ ದುಡಿಮೆ ಒಂದೇ ಅಲ್ಲ. ಫ್ರಾನ್ಸ್‌ನಲ್ಲಿ 2024ರ ನವೆಂಬರಿನಲ್ಲಿ ಕನಿಷ್ಠ ವೇತನ ಗಂಟೆಗೆ 11.88 ಯೂರೊ ಇತ್ತು. ತೆರಿಗೆ ಕಡಿತಗಳನ್ನು ಬಿಟ್ಟು ನೋಡಿದರೆ ಎರಡು ಯೂರೊ ಎಂದರೆ ಹತ್ತು ನಿಮಿಷದ ಕೆಲಸ, 19.99 ಯೂರೊ ಎಂದರೆ ಒಂದು ಗಂಟೆ ನಲವತ್ತು ನಿಮಿಷದ ಕೆಲಸ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2024–25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಕೆರೆಯ ಹೂಳೆತ್ತಿದ ಹೆಣ್ಣುಮಗಳೊಬ್ಬಳು 199ರ ಪ್ಲಾನು ಹಾಕಿಸಿಕೊಂಡರೆ ಅರ್ಧ ದಿನಕ್ಕೂ ಹೆಚ್ಚಿನ ಕೂಲಿ ಅದಕ್ಕೆ ಹೋಗುತ್ತದೆ; 299ರದ್ದಾದರೆ ಇಡೀ ದಿನದ ದುಡಿಮೆಯಲ್ಲಿ ಐವತ್ತು ರೂಪಾಯಿ ಮಾತ್ರ ಉಳಿಯುತ್ತದೆ. ಜಗತ್ತಿನಲ್ಲೇ ಅಗ್ಗ ಎಂದು ನಾವು ಹೇಳುವಾಗ ಈಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಜರ್ಮನಿಯ ಅನುಭವ. ಅಲ್ಲಿ ಪ್ರಿಪೇಯ್ಡ್ ಸಿಮ್ಮಿಗೂ ಗುರುತಿನ ಪರಿಶೀಲನೆಯನ್ನು 2017ರ ಜುಲೈನಿಂದ ಕಡ್ಡಾಯ ಮಾಡಿದ್ದಾರೆ. ಹೀಗಾಗಿ ಸಿಮ್ ಕೊಂಡ ಸಂಜೆ ಲ್ಯಾಪ್‌ಟಾಪ್ ಕ್ಯಾಮೆರಾದ ಮುಂದೆ ಕುಳಿತು, ಪಾಸ್‌ಪೋರ್ಟಿನ ಹೊಳೆಯುವ ಗುರುತು ಬೆಳಕಿಗೆ ಮಿನುಗುವಂತೆ ಅದನ್ನು ಎಡಕ್ಕೂ ಬಲಕ್ಕೂ ಓರೆ ಮಾಡುತ್ತಾ ಇಪ್ಪತ್ತು ನಿಮಿಷ ಕಳೆದೆ. ನಾಲ್ಕು ವಾರಕ್ಕೆ 10 ಯೂರೊ, ಡೇಟಾ 10 ಜಿಬಿ. ಜಿಬಿಗೆ ತೊಂಬತ್ತು ರೂಪಾಯಿ ಎಂದು ಮೊದಲ ತಿಂಗಳು ಹೊಟ್ಟೆ ಉರಿಯಿತು. ಆದರೆ ನಮ್ಮಲ್ಲಿಯಂತೆ ರಾತ್ರಿ ಹನ್ನೆರಡಕ್ಕೆ ಆ ದಿನದ ಪಾಲು ಕರಗಿಹೋಗುವ ಪದ್ಧತಿ ನನ್ನ ಪ್ಯಾಕಿಗೆ ಇರಲಿಲ್ಲ. ಹತ್ತು ಜಿಬಿಯನ್ನು ಒಂದೇ ದಿನ ಬಳಸಬಹುದಿತ್ತು, ನಾಲ್ಕು ವಾರಕ್ಕೆ ಹಂಚಿಕೊಳ್ಳಲೂಬಹುದಿತ್ತು. ಯುರೋಪಿಯನ್ ಒಕ್ಕೂಟದೊಳಗೆ ರೋಮಿಂಗಿನ ಹೆಚ್ಚುವರಿ ಶುಲ್ಕವನ್ನು 2017ರ ಜೂನ್ 15ರಿಂದ ತೆಗೆದುಹಾಕಿರುವುದರಿಂದ ಅದೇ ಸಿಮ್ ಮಿಲಾನಿನಲ್ಲೂ ಒಂದು ಸೆಂಟ್ ಹೆಚ್ಚಿಗೆ ಕೇಳದೆ ಕೆಲಸ ಮಾಡಿತು. ರೈಲಿನಲ್ಲಿ ಕಾಡು, ಗುಡ್ಡ ಬಂದಾಗ ನೆಟ್‌ವರ್ಕ್ ಹೋಗುತ್ತಿದ್ದುದು ನಿಜ. ಜರ್ಮನ್ನರು ಅದಕ್ಕೆ ಫುಂಕ್‌ಲೋಖ್, ಎಂದರೆ ಸಿಗ್ನಲ್ಲಿನ ತೂತು, ಎಂದು ಹೆಸರಿಟ್ಟಿದ್ದಾರೆ. ದರ ಹೆಚ್ಚಿರುವುದಕ್ಕೆ ಅಲ್ಲಿನವರು ಹೇಳುವ ಕಾರಣಗಳಲ್ಲಿ ತರಂಗಾಂತರ ಹರಾಜೂ ಒಂದು. 2000ದ ಆಗಸ್ಟಿನ 3ಜಿ ಹರಾಜಿನಲ್ಲಿ ಕಂಪನಿಗಳು ಸುಮಾರು 5,000 ಕೋಟಿ ಯೂರೊ ಸುರಿದಿದ್ದವು.

ಇಟಲಿಯ ದರ ಇಷ್ಟು ಇಳಿಯಲು ಕಾರಣ ನಮಗೆ ಪರಿಚಯದ್ದೇ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಇಲ್ಲಿ ಮಾಡಿದ್ದನ್ನೇ, 2018ರ ಮೇ ತಿಂಗಳಲ್ಲಿ ಇಲಿಯಾಡ್ ಎಂಬ ಕಂಪನಿ 5.99 ಯೂರೊಗೆ 30 ಜಿಬಿ ಕೊಟ್ಟು ಅಲ್ಲಿ ಮಾಡಿತು. ನಾವು ಕಲಿಯಬೇಕಾದ ಪಾಠ ಮಾತ್ರ ಬೇರೆಯದು. ಅಲ್ಲಿಯೂ ಕಂಪನಿಗಳು ತಿಂಗಳನ್ನು 28 ದಿನಕ್ಕೆ ಕತ್ತರಿಸಿ ವರ್ಷಕ್ಕೆ ಹದಿಮೂರು ಬಾರಿ ಹಣ ಪಡೆಯತೊಡಗಿದ್ದವು. ಜನ ರೇಗಿದರು. 2017ರ ಕೊನೆಯಲ್ಲಿ ಕಾನೂನು ಬಂತು, 2018ರ ವಸಂತದ ಹೊತ್ತಿಗೆ ಬಿಲ್ಲುಗಳು ತಿಂಗಳ ಲೆಕ್ಕಕ್ಕೆ ಮರಳಿದವು. ಆ ಮರಳುವಿಕೆಯಲ್ಲೂ ಕಂಪನಿಗಳು ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡು ದರ ಏರಿಸಿದವೆಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ದೊಡ್ಡ ದಂಡ ಹಾಕಿತು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಹೊರಡಿಸಿದ ಆದೇಶ ಇಷ್ಟು ದೂರ ಹೋಗಲಿಲ್ಲ. 30 ದಿನದ ಒಂದು ಪ್ಲಾನು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದು ಪ್ಲಾನು ಇರಲೇಬೇಕು ಎಂದಷ್ಟೇ ಹೇಳಿತು. 28 ದಿನದ್ದು ಹಾಗೆಯೇ ಉಳಿಯಿತು. ಜಿಯೋದ ಪೂರ್ಣ ತಿಂಗಳಿನ 319 ರೂಪಾಯಿ ಪ್ಲಾನು ವರ್ಷಕ್ಕೆ 3828 ಆಗುತ್ತದೆ; 299ನ್ನು ಹದಿಮೂರು ಬಾರಿ ಹಾಕಿಸಿದರೆ 3887. ಉಳಿತಾಯ ಸಣ್ಣದಾದರೂ ತಾರೀಖು ಜಾರುವುದಿಲ್ಲ ಎಂಬ ನೆಮ್ಮದಿ ದೊಡ್ಡದು. "ತಿಂಗಳು ಇನ್ನೂ ಆಜಿಲ್ಲೆ" (ಆಗಿಲ್ಲ) ಎಂದು ಆಯಿ ಪ್ರತಿ ಬಾರಿ ಗೊಣಗುವುದು ಈ ಎರಡು ದಿನಗಳ ಕಾರಣಕ್ಕೇ.

ಅಮೆರಿಕದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 2020ರ ಏಪ್ರಿಲಿನಲ್ಲಿ ಟಿ-ಮೊಬೈಲ್ ಮತ್ತು ಸ್ಪ್ರಿಂಟ್ ಒಂದಾದ ಮೇಲೆ ಅಲ್ಲಿ ದೊಡ್ಡ ಕಂಪನಿಗಳು ಮೂರೇ. ಜಾಹೀರಾತಿನ ದರದ ಮೇಲೆ ತೆರಿಗೆ, ಶುಲ್ಕಗಳು ಬೇರೆ ಸೇರುವುದೂ ಉಂಟು. ನಮ್ಮ ಪ್ರಿಪೇಯ್ಡ್ ದರದಲ್ಲಿ ಶೇ 18ರ ಜಿಎಸ್‌ಟಿ ಒಳಗೇ ಇರುತ್ತದೆ. ಈ ಒಂದು ಪಾರದರ್ಶಕತೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ದುಬೈನಲ್ಲಿರುವ ಭಾವನ ತೊಂದರೆ ಬೆಲೆಯದ್ದಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿರುವುದು ಎರಡೇ ಕಂಪನಿಗಳ ಜಾಲ, ಮತ್ತು ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋದರೂ ಕರೆ ಹೋಗದು. ಎಷ್ಟು ಜಿಬಿ ಇದ್ದರೂ ಮಗಳ ಮುಖ ನೋಡಲು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪನ್ನೇ ಆತ ತೆರೆಯಬೇಕು. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳಿಗೆ ಇದು ದಿನನಿತ್ಯದ ಸಂಗತಿ. ಭಾರತದಲ್ಲಿ ಒಂದೊಂದು ತಾಣಕ್ಕೆ ಒಂದೊಂದು ದರ ವಿಧಿಸುವುದನ್ನು ಟ್ರಾಯ್ 2016ರ ಫೆಬ್ರುವರಿ 8ರಂದು ನಿಷೇಧಿಸಿತು. ಕೊಂಡ ಡೇಟಾ ಯಾವುದಕ್ಕೂ ಸಲ್ಲುತ್ತದೆ ಎಂಬುದರ ಬೆಲೆಯನ್ನು ನಾನು ಅರಿತದ್ದು ಭಾವನ ಜತೆ ಮಾತಾಡಿದ ಮೇಲೆಯೇ.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ನಗರದಲ್ಲಿದ್ದು ದಿನಕ್ಕೆ ಒಂದೂವರೆ ಜಿಬಿಯನ್ನು ಸಂಜೆಯೊಳಗೆ ಮುಗಿಸುವವರಿಗೆ ಭಾರತದ ಪ್ಲಾನುಗಳಿಗೆ ಸಾಟಿಯಾದುದನ್ನು ನಾನು ಹೋದ ಕಡೆ ಎಲ್ಲಿಯೂ ಕಂಡಿಲ್ಲ. ವಾರ್ಷಿಕ ಪ್ಲಾನು ಹಾಕಿಸಿ ನಿಶ್ಚಿಂತರಾಗಿರಬಹುದು. ಹೊರದೇಶದಲ್ಲಿದ್ದು ಬ್ಯಾಂಕಿನ ಒಟಿಪಿಗಾಗಿ ಊರಿನ ನಂಬರ್ ಉಳಿಸಿಕೊಂಡಿರುವ ಕನ್ನಡಿಗರು, 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಂದ ಮೇಲೆ ಬಂದ ಡೇಟಾ ಇಲ್ಲದ ಪ್ಲಾನುಗಳನ್ನು ನೋಡಬೇಕು. ಏರ್‌ಟೆಲ್‌ನಲ್ಲಿ 365 ದಿನಕ್ಕೆ 1849 ರೂಪಾಯಿಯದು, ಜಿಯೋದಲ್ಲಿ 336 ದಿನಕ್ಕೆ 1748ರದು ಆಗ ಬಂದವು. ಹೊರಡುವ ಮುನ್ನ ರೋಮಿಂಗ್ ಚಾಲೂ ಮಾಡಿಸಿಕೊಳ್ಳುವುದನ್ನು ಮರೆಯಬಾರದು.

ಆಯಿಯಂಥವರಿಗೆ ಮಾತ್ರ ಸರಿಹೊಂದುವ ಪ್ಲಾನು ಇನ್ನೂ ಬಂದಿಲ್ಲ. ಮೊಮ್ಮಗನ ಫೋಟೊ ನೋಡಲು ಆಕೆಗೆ ಡೇಟಾ ಬೇಕು, ಆದರೆ ತಿಂಗಳಿಗೆ ಮೂರು ಜಿಬಿ ಸಾಕು. ಅದು ರಾತ್ರಿ ಹನ್ನೆರಡಕ್ಕೆ ಅಳಿಯದೆ ಉಳಿಯಬೇಕು, ಬೆಲೆ ನೂರು ರೂಪಾಯಿಯ ಒಳಗಿರಬೇಕು. ವಾರದ ದಿನಗಳಲ್ಲಿ ಉಳಿದ ಡೇಟಾವನ್ನು ಶನಿವಾರ, ಭಾನುವಾರಕ್ಕೆ ಕೂಡಿಸಿಕೊಡುವ ಸೌಲಭ್ಯವನ್ನು ವಿಐ (ವೊಡಾಫೋನ್ ಐಡಿಯಾ) ಕೆಲವು ಪ್ಲಾನುಗಳಲ್ಲಿ ಕೊಟ್ಟಿದೆ. ಅಂದಮೇಲೆ ತಾಂತ್ರಿಕವಾಗಿ ಇದು ಆಗದ ಮಾತೇನೂ ಅಲ್ಲ. ಸದ್ಯಕ್ಕೆ ಆಕೆಯ ಸಿಮ್ಮಿಗೆ ಪೂರ್ಣ ತಿಂಗಳಿನ ಪ್ಲಾನು ಹಾಕಿಸಿ, ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಐದನೇ ತಾರೀಖಿಗೆ ಪೆನ್ಸಿಲಿನಿಂದ ಗುರುತು ಹಾಕಿಟ್ಟು ಬಂದಿದ್ದೇನೆ.