ಕದ್ರಿಯ ಕೆಫೆಯಲ್ಲಿ ಇಪ್ಪತ್ತು ಮುಖದ ದಾಳ

ಮಂಗಳೂರಿನ ಕದ್ರಿ ಕಡೆಯ ಬೋರ್ಡ್ ಗೇಮ್ ಕೆಫೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಪಾತ್ರ ವಹಿಸಿ ಕಥೆ ಕಟ್ಟುವ ಮೇಜಿನಾಟ ಆಡಿಸುತ್ತಾರೆಂದು ಕೇಳಿ, ಪಿಯುಸಿ ಓದುತ್ತಿರುವ ಅಕ್ಕನ ಮಗನೊಡನೆ ಹೋಗಿದ್ದೆ. ತಲೆಗೆ 400 ರೂಪಾಯಿ. ಚಹಾ ಮತ್ತು ಒಂದು ಪ್ಲೇಟ್ ಗೋಳಿಬಜೆ ಅದರಲ್ಲೇ ಸೇರಿದೆ.

ಮೇಜಿನ ಮೇಲಿದ್ದುದು 2014ರ ಸ್ಟಾರ್ಟರ್ ಸೆಟ್: 32 ಪುಟಗಳ ನಿಯಮಪುಸ್ತಕ, 64 ಪುಟಗಳ ಕಥೆ, ಸಿದ್ಧಪಡಿಸಿಟ್ಟ ಐದು ಪಾತ್ರಗಳು, ಆರು ದಾಳಗಳು. ಆಟ ನಡೆಸುವವರು ಸನ್ನಿವೇಶವನ್ನು ವಿವರಿಸುತ್ತಾರೆ, ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳುತ್ತೇವೆ, ಗೆಲುವು ಸಂಶಯವಿದ್ದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ವೇಷವಿಲ್ಲದೆ ಕುಳಿತಲ್ಲೇ ಆಶುವಾಗಿ ಮಾತು ಕಟ್ಟುವ ಈ ಕ್ರಮ ತಾಳಮದ್ದಳೆ ಕೇಳಿ ಬೆಳೆದವರಿಗೆ ಹೊಸದೆನಿಸದು. ಆದರೆ ಅಲ್ಲಿ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಸಾಯಲೇಬೇಕು, ಇಲ್ಲಿ ಪ್ರಸಂಗದ ಕೊನೆ ಭಾಗವತರಿಗೂ ಗೊತ್ತಿರುವುದಿಲ್ಲ.

ಕಾಡುದಾರಿಗೆ ಅಡ್ಡವಾಗಿ ಎರಡು ಸತ್ತ ಕುದುರೆಗಳು, ಪೊದೆಯ ಮರೆಯಲ್ಲಿ ಗಾಬ್ಲಿನ್‌ಗಳೆಂಬ ಕುಳ್ಳ ದುಷ್ಟಜೀವಿಗಳು. “ಈಗ ಎಂತ ಮಾಡ್ತೀರಿ ಮಾರಾಯ್ರೆ?” ಎಂದು ನಡೆಸುವವರು ಕೇಳಿದರು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸುವ ನಮ್ಮ ಹುಡುಗ ಗಾಬ್ಲಿನ್‌ಗಳೊಡನೆ ಸಂಧಾನಕ್ಕೆ ಹೊರಟು ಐದು ನಿಮಿಷ ಮಾತನಾಡಿದ. ದಾಳದಲ್ಲಿ ಬಿದ್ದದ್ದು ಬರೀ ಮೂರು, ಸಂಧಾನ ಮುರಿಯಿತು. ಬಾಣವೊಂದು ತಗುಲಿ ಅವನ ಪಾತ್ರದ ಹಿಟ್ ಪಾಯಿಂಟ್, ಅಂದರೆ ಉಳಿದ ಜೀವಬಲ, ಒಂಬತ್ತರಿಂದ ಎರಡಕ್ಕೆ ಇಳಿಯಿತು. ಹಿಟ್ ಪಾಯಿಂಟ್, ಲೆವೆಲ್ ಎಂಬ ಲೆಕ್ಕಗಳನ್ನು ಅವನು ಮೊಬೈಲ್ ಆಟಗಳಲ್ಲಿ ಕಂಡಿದ್ದ. ಅವು ಕಂಪ್ಯೂಟರ್ ಆಟಗಳಿಗೆ ಹಬ್ಬಿದ್ದೇ ಈ ಮೇಜಿನಾಟದಿಂದ ಎಂದು ತಿಳಿದಾಗ ನಂಬಲಿಲ್ಲ.

ನನ್ನ ಮುಖ್ಯ ಆಕ್ಷೇಪ ಗೋಡೆಯ ಮೇಲಿನ ಫಲಕದ ಬಗ್ಗೆ. ಆಟದ ಇತಿಹಾಸ ಹೇಳುವ ಆ ಫಲಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಹೆಸರು ಮಾತ್ರ ಇದೆ. 1974ರಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ, ಮೊದಲ ಮುದ್ರಣದಲ್ಲಿ 1000 ಪ್ರತಿಗಳಷ್ಟೇ ಹೊರಬಂದ ಆಟದ ಮೇಲೆ ಡೇವ್ ಆರ್ನೆಸನ್ ಹೆಸರೂ ಇತ್ತು. ಸೈನ್ಯಗಳನ್ನು ನಡೆಸುವ ಯುದ್ಧದಾಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು, ಕೋಟೆಯಡಿಯ ನೆಲಮಾಳಿಗೆಗೆ ಇಳಿಸಿ, ಆ ಪಾತ್ರ ಆಟದಿಂದ ಆಟಕ್ಕೆ ಬೆಳೆಯುವಂತೆ ಮಾಡಿದವರು ಅಮೆರಿಕದ ಮಿನೆಸೋಟದ ಆರ್ನೆಸನ್. ಅದನ್ನು ಮುದ್ರಿಸಬಹುದಾದ ನಿಯಮಗಳಾಗಿ ಹಿಗ್ಗಿಸಿದವರು ಗೈಗ್ಯಾಕ್ಸ್. ತನ್ನ ಪಾಲಿಗಾಗಿ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋಗಬೇಕಾಯಿತು, 1981ರಲ್ಲಿ ರಾಜಿಯಾಯಿತು. ಆಟದ ಅರ್ಧ ಸೃಷ್ಟಿಕರ್ತನನ್ನೇ ಬಿಟ್ಟ ಫಲಕವನ್ನು ಬದಲಿಸಿ ಎಂದು ಹೇಳಿ ಬಂದಿದ್ದೇನೆ.

ಉಳಿದ ಕೊರತೆಗಳು ಸಣ್ಣವು: ಆಟ ನಲವತ್ತು ನಿಮಿಷ ತಡವಾಗಿ ಶುರುವಾಯಿತು, ಗೋಳಿಬಜೆ ತಣ್ಣಗಿತ್ತು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದರೂ ನಡೆಸುವವರು ಕನ್ನಡದಲ್ಲೂ ಬೇಕೆಂದಲ್ಲಿ ತುಳುವಿನಲ್ಲೂ ವಿವರಿಸಿದ್ದರಿಂದ ತೊಡಕಾಗಲಿಲ್ಲ. ಪಕ್ಕದ ಮೇಜಿನ ತಾಯಿಯೊಬ್ಬರು ಇದು ಮಾಟಮಂತ್ರವಲ್ಲ ತಾನೇ ಎಂದು ವಿಚಾರಿಸಿದರು. 1980ರ ದಶಕದ ಅಮೆರಿಕದಲ್ಲಿ ಇದೇ ಆಟದ ಮೇಲೆ ಸೈತಾನಪೂಜೆಯ ಆರೋಪ ಹೊರಿಸಿ ಪೋಷಕರು ಸಂಘ ಕಟ್ಟಿದ್ದರು. ಇಲ್ಲಿ ಆ ತಾಯಿ ಅರ್ಧ ಗಂಟೆ ನಿಂತು ನೋಡಿ, ಮಗಳ ಹೆಸರನ್ನು ಮುಂದಿನ ವಾರಕ್ಕೆ ಬರೆಸಿದರು.

ನಾವೂ ಎರಡು ಸೀಟು ಹೇಳಿ ಬಂದಿದ್ದೇವೆ. ಪೆಟ್ಟಿಗೆಯಲ್ಲಿರುವುದು ಐದೇ ಪಾತ್ರಗಳಾದ್ದರಿಂದ ಹೋಗುವವರು ಶುಕ್ರವಾರದೊಳಗೆ ಫೋನ್ ಮಾಡುವುದು ಒಳ್ಳೆಯದು.